ಮನೆ ಹೋಗ್ತಿಲ್ಲ ಅಂತ ಗಿರಾಕಿನ ಬೈಬೇಡಿ, ಬೀರು ತೆಗೆದು ಪತ್ರ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಮಗಳೂರಲ್ಲಿ ಈಗ ಯಾರನ್ನ ಮಾತಾಡ್ಸಿದ್ರೂ ಒಂದೇ ದೂರು, ಮನೆ ಮಾರಕ್ಕಿಟ್ಟು ವರ್ಷ ಆಗ್ತಾ ಬಂತು, ಬರೋರು ಬರ್ತಾರೆ, ಎಲ್ಲಾ ರೂಮು ನೋಡ್ತಾರೆ, ಕಾಫಿ ಕುಡಿದು ಹೋಗ್ತಾರೆ, ಆಮೇಲೆ ಫೋನ್ ಎತ್ತಲ್ಲ, ಮಾರ್ಕೆಟ್ಟೇ ಬಿದ್ದೋಗಿದೆ ಅಂತ. ನಾನು ಸಬ್ ರಿಜಿಸ್ಟ್ರಾರ್ ಆಫೀಸ್ ಹತ್ರ ಪತ್ರ ಬರೆಯೋ ಕೆಲಸದಲ್ಲಿರೋನು, ನನಗಂತೂ ಮಾರ್ಕೆಟ್ ಬಿದ್ದಂಗೆ ಕಾಣ್ತಿಲ್ಲ. ಕಾಫಿ ರೇಟು ಏರಿದ್ಮೇಲೆ ತೋಟದೋರ ಕೈಲಿ ದುಡ್ಡು ಓಡಾಡ್ತಿದೆ, ಮಕ್ಕಳ ಓದಿಗೆ ಅಂತ ಮೂಡಿಗೆರೆ, ಕೊಪ್ಪ ಕಡೆಯಿಂದ ಟೌನಲ್ಲಿ ಮನೆ ಹುಡುಕೋರೂ ಇದಾರೆ. ಹೋಗ್ದೇ ಉಳ್ಕೊಂಡಿರೋ ಮನೆಗಳ ಫೈಲು ಬಿಚ್ಚಿದ್ರೆ ಕಾರಣ ಅಲ್ಲೇ ಸಿಗತ್ತೆ.

ಈಗ ಸಂಬಳದೋರು ಬ್ಯಾಂಕ್ ಸಾಲ ಇಲ್ದೆ ಮನೆ ತಗೊಳಲ್ಲ. ಅಂದ್ರೆ ನಿಮ್ಮ ಮನೆಗೆ ಇಬ್ಬರು ಒಪ್ಪಬೇಕು. ಒಬ್ರು ಬಂದು ಅಡಿಗೆಮನೆ ನೋಡೋರು, ಇನ್ನೊಬ್ರು ಬ್ಯಾಂಕಿನ ವಕೀಲರು, ಇವ್ರು ಮನೆ ಕಡೆ ತಲೆನೂ ಹಾಕಲ್ಲ, ಬರೀ ಮೂಲಪತ್ರದಿಂದ ಇವತ್ತಿನ ತನಕ ಕಾಗದ ಓದ್ತಾರೆ. ನಮ್ಮ ಜನ ಮೊದಲನೆಯೋರಿಗೋಸ್ಕರ ಎರಡು ಲಕ್ಷ ಕೊಟ್ಟು ಪೇಂಟ್ ಹೊಡಿಸ್ತಾರೆ, ಎರಡನೆಯೋರಿಗೆ ಏನೂ ಮಾಡಿರಲ್ಲ. ಅಡ್ವಾನ್ಸ್ ಆಗಿ, ಸ್ವೀಟ್ ಹಂಚಿ, ಲೀಗಲ್ ಒಪಿನಿಯನ್‌ನಲ್ಲಿ, ಅಂದ್ರೆ ಬ್ಯಾಂಕಿನ ವಕೀಲರ ಅಭಿಪ್ರಾಯದಲ್ಲಿ, ಮುರಿದುಬಿದ್ದ ವ್ಯಾಪಾರ ಎಷ್ಟೋ. ಒಂದ್ಸಲ ಹಂಗೆ ಮುರಿದ್ರೆ ಬೀದಿಲಿ ಸುದ್ದಿ ಆಗತ್ತೆ, ಮುಂದಿನ ಗಿರಾಕಿ ಬಾಗಿಲಿಗೆ ಬರೋಕ್ಕೆ ಮುಂಚೆನೇ ಆ ಮನೇದು ಏನೋ ತಕರಾರಂತೆ ಅಂತ ಕೇಳ್ಕೊಂಡೇ ಬರ್ತಾನೆ.

ಅತೀ ಹೆಚ್ಚು ಸಿಗೋ ಕೇಸು ಇದು. ಅಪ್ಪ ಕಟ್ಟಿಸಿದ ಮನೆ, ಅಪ್ಪ ತೀರ್ಕೊಂಡಿದಾರೆ, ಖಾತೆ ಇನ್ನೂ ಅವ್ರ ಹೆಸರಲ್ಲೇ, ಅಣ್ಣತಮ್ಮಂದಿರು ಮಾತಾಡ್ಕೊಂಡು ಮಾರಕ್ಕೆ ಹೊರಟಿದಾರೆ. ಅಕ್ಕ ತಂಗಿ? ಅವ್ರಿಗೆ ಮದುವೇಲಿ ಎಲ್ಲಾ ಕೊಟ್ಟಾಗಿದೆ ಬಿಡಿ ಅಂತಾರೆ. ಸ್ವಾಮಿ, ಅಪ್ಪ ಸ್ವಂತ ದುಡ್ಡಲ್ಲಿ ಮಾಡಿದ ಮನೆಗೆ ವಿಲ್ ಇಲ್ದಿದ್ರೆ ಹೆಂಡ್ತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆನೇ ಹೇಳತ್ತೆ, 2005ರ ತಿದ್ದುಪಡಿ ತನಕ ಹೋಗೋದೇ ಬೇಡ, ಅದು ಪಿತ್ರಾರ್ಜಿತದ ಮಾತು. ಮದುವೆ ಖರ್ಚು ಅನ್ನೋದು ಹಕ್ಕು ಬಿಡುಗಡೆ ಪತ್ರ ಅಲ್ಲ. ಗಿರಾಕಿ ಸಿಕ್ಕಿದ್ಮೇಲೆ ಶಿವಮೊಗ್ಗಕ್ಕೋ ಮಂಗಳೂರಿಗೋ ಫೋನ್ ಮಾಡಿ, ಅಕ್ಕಾ ಬಂದು ಒಂದು ಸೈನ್ ಹಾಕು ಅಂದ್ರೆ ಅವ್ರಿಗೂ ಬೇಜಾರಾಗಲ್ವಾ, ಆಗ ಭಾವ ಎಷ್ಟಕ್ಕೆ ಮಾರ್ತಿದೀರಿ ಅಂತ ಕೇಳೇ ಕೇಳ್ತಾರೆ. ಮಾರೋ ಯೋಚನೆ ಬಂದ ದಿನವೇ ಎಲ್ರೂ ಕೂತು, ವಂಶವೃಕ್ಷ ಮಾಡಿಸಿ, ಪಾಲೋ ಬಿಡುಗಡೆನೋ ಮುಗಿಸಿ, ಖಾತೆ ಬದಲಾಯಿಸಿ ಆಮೇಲೆ ಬ್ರೋಕರ್‌ಗೆ ಹೇಳಿ.

ಇನ್ನೊಂದು ಸಣ್ಣದು, ಆದ್ರೆ ತುಂಬಾ ಕಾಡತ್ತೆ. ಸಾಲ ತೀರಿಸಿರ್ತಾರೆ, ಬ್ಯಾಂಕಿಂದ ಪತ್ರನೂ ವಾಪಸ್ ತಂದಿರ್ತಾರೆ, ಆದ್ರೆ ಅಡಮಾನ ತೀರಿದೆ ಅನ್ನೋ ಡಿಸ್ಚಾರ್ಜ್ ಪತ್ರ ರಿಜಿಸ್ಟರ್ ಮಾಡಿಸಿರಲ್ಲ. ಇಸಿ, ಅಂದ್ರೆ ಆಸ್ತಿ ಮೇಲಿನ ವ್ಯವಹಾರ, ಸಾಲ ತೋರಿಸೋ ಋಣಭಾರ ಪತ್ರ, ತೆಗೆದ್ರೆ ಹತ್ತು ವರ್ಷದ ಹಿಂದಿನ ಸಾಲ ಹಂಗೇ ಕೂತಿರತ್ತೆ, ಗಿರಾಕಿ ನಿಮ್ಮನ್ನ ಸುಳ್ಳುಗಾರ ಅನ್ಕೊಂಡು ಹೋಗ್ತಾನೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಆನ್‌ಲೈನಲ್ಲೇ ಸಿಗತ್ತೆ, ಮೊದಲು ನಿಮ್ಮ ಮನೇದು ನೀವೇ ತೆಗೆದು ಓದಿ. ಹಂಗೇ ಚಕ್ಕುಬಂದಿನೂ, ಅಂದ್ರೆ ನಾಲ್ಕೂ ದಿಕ್ಕಿನ ಗಡಿನೂ ನೋಡಿ, ಪತ್ರದಲ್ಲಿ ಪೂರ್ವಕ್ಕೆ ಖಾಲಿ ಸೈಟು ಅಂತಿರತ್ತೆ, ಅಲ್ಲೀಗ ರಸ್ತೆ ಬಂದು ಎಷ್ಟೋ ಕಾಲ ಆಗಿರತ್ತೆ. ಪ್ಲಾನು ಒಂದು ಮಹಡಿದು, ಕಟ್ಟಿರೋದು ಮೂರು ಅಂದ್ರೆ ಮೇಲಿನೆರಡಕ್ಕೆ ಬ್ಯಾಂಕಿನೋರು ಬೆಲೆ ಕಟ್ಟಕ್ಕೆ ಹಿಂದೇಟು ಹಾಕ್ತಾರೆ.

ಇ-ಖಾತಾ, ಅಂದ್ರೆ ಕಂಪ್ಯೂಟರಲ್ಲಿ ಆಗೋ ಖಾತೆ, ಇಲ್ದೆ 2024ರಿಂದ ನಗರಸಭೆ ವ್ಯಾಪ್ತಿಲಿ ನೋಂದಣಿನೇ ಆಗಲ್ಲ, ಇದು ಎಲ್ರಿಗೂ ಗೊತ್ತು, ಆದ್ರೂ ಗಿರಾಕಿ ಬರಲಿ ಆಮೇಲೆ ಮಾಡಿಸೋಣ ಅಂತ ಕೂತಿರ್ತಾರೆ. ರೆವಿನ್ಯೂ ಸೈಟಲ್ಲಿ, ಅಂದ್ರೆ ಬಡಾವಣೆ ಮಂಜೂರಾತಿ ಇಲ್ದ ಜಾಗದಲ್ಲಿ, ಕಟ್ಟಿದ ಮನೆಗೆ 2025ರಲ್ಲಿ ಬಿ ಖಾತಾ ಕೊಡಕ್ಕೆ ಶುರು ಮಾಡಿದ್ರು, ಒಳ್ಳೇದೇ, ಆದ್ರೆ ಸುಮಾರು ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲ್ಲ. ಹಂಗಾಗಿ ಬಿ ಖಾತಾ ಮನೆಗೆ ಎಲ್ಲಾ ಮಂಜೂರಾತಿ ಇರೋ ಎ ಖಾತಾ ಮನೆ ರೇಟು ಹೇಳಿ ಕೂತ್ರೆ ಯಾರೂ ಬರಲ್ಲ, ಅದು ಕೈಯಲ್ಲಿ ದುಡ್ಡಿರೋನಿಗೆ ಮಾತ್ರ ಹೋಗೋ ಮನೆ, ಅಂಥೋನು ಚೌಕಾಸಿ ಮಾಡೇ ಮಾಡ್ತಾನೆ.

ಈಗ ಯಾರೂ ಪೇಪರಲ್ಲಿ ಬರೆಯದ ವಿಷಯ. ಮನೆ 60 ಲಕ್ಷ, ಪತ್ರ 40ಕ್ಕೆ ಮಾಡ್ಸಣ, ಉಳಿದಿದ್ದು ಕ್ಯಾಶ್ ಕೊಡಿ ಅನ್ನೋದು. ಸಾಲ ಮಾಡಿ ಕೊಳ್ಳಕ್ಕೆ ಬಂದ ಒಬ್ರು ಮೇಷ್ಟ್ರ ಲೆಕ್ಕ ಹಾಕಿ ನೋಡಿ. ಪೂರ್ತಿ 60ಕ್ಕೆ ಪತ್ರ ಆದ್ರೆ ಬ್ಯಾಂಕು ಹೆಚ್ಚು ಅಂದ್ರೆ 80% ಅಂದ್ರೆ 48 ಲಕ್ಷ ಕೊಡತ್ತೆ. ಮಿಕ್ಕ 12 ಅವ್ರು ಹೊಂದಿಸಬೇಕು, ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ 5%, ಅದಕ್ಕೆ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಬೇರೆ 1% ಇದ್ದಿದ್ದು 2% ಆಯ್ತು, ಎಲ್ಲಾ ಸೇರಿ ನಾಲ್ಕೂವರೆ ಲಕ್ಷದ ಮೇಲೆ. ಇದೇ ಕಷ್ಟ. 40ಕ್ಕೆ ಪತ್ರ ಅಂದ್ರೆ ಸಾಲ 32ಕ್ಕೆ ಇಳಿಯತ್ತೆ, ಸ್ಟ್ಯಾಂಪ್ ಖರ್ಚು ಬಿಟ್ಟೇ 28 ಲಕ್ಷ ಕೈಯಿಂದ ತರಬೇಕು, ಅದರಲ್ಲಿ 20 ಕ್ಯಾಶು. ಮೇಷ್ಟ್ರು ಎಲ್ಲಿಂದ ತರ್ತಾರೆ? ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಮೇಲೆ ಕ್ಯಾಶ್ ಈಸ್ಕೊಂಡ್ರೆ ಅಷ್ಟೇ ಮೊತ್ತ ದಂಡ ಹಾಕ್ಬಹುದು ಅಂತ ಇನ್‌ಕಮ್ ಟ್ಯಾಕ್ಸ್ ಕಾನೂನಿದೆ, ದಂಡ ಬೀಳೋದು ಈಸ್ಕೊಂಡೋರಿಗೆ, ಅಂದ್ರೆ ಮಾರೋರಿಗೆ. ಪೂರ್ತಿ ವೈಟಲ್ಲಿ, ಅಂದ್ರೆ ನಿಜವಾದ ಬೆಲೆಗೇ ಪತ್ರ ಮಾಡಿ ಕೊಡ್ತೀವಿ ಅನ್ನೋ ಮನೆ ಒಂದೆರಡು ಲಕ್ಷ ಜಾಸ್ತಿ ಹೇಳಿದ್ರೂ ಬೇಗ ಹೋಗೋದನ್ನ ನಾನೇ ನೋಡ್ತಿದೀನಿ. 50 ಲಕ್ಷ ಮುಟ್ಟಿದ್ರೆ ಕೊಳ್ಳೋರು 1% ಟಿಡಿಎಸ್, ಅಂದ್ರೆ ಮುಂಚೆನೇ ಮುರಿಯೋ ತೆರಿಗೆ, ಹಿಡ್ಕೊಂಡೇ ಕೊಡ್ತಾರೆ, ಅದಕ್ಕೆ ಜಗಳ ಆಡ್ಬೇಡಿ, ಅದು ನಿಮ್ಮ ಪಾನ್ ನಂಬರಿಗೇ ಜಮಾ ಆಗೋದು.

ರೇಟಿನ ಬಗ್ಗೆ ಹೇಳಿದ್ರೆ ಕೆಲವರಿಗೆ ಸಿಟ್ಟು ಬರತ್ತೆ. ಬೈಪಾಸ್ ಹತ್ರ ಬೆಂಗಳೂರು ಪಾರ್ಟಿ ಹೋಂಸ್ಟೇಗೆ ಅಂತ ಇಷ್ಟು ಕೊಟ್ರಂತೆ, ಅಂತ ಹೇಳಿ ಒಳಗಿನ ಗಲ್ಲಿ ಮನೆಗೂ ಅದೇ ರೇಟು ಹೇಳ್ತಾರೆ, ಆ ಗಲ್ಲಿಗೆ ಕಾರೇ ಹೋಗಲ್ಲ. ಮೂವತ್ತು ವರ್ಷದ ಮನೆಗೆ ಗಿರಾಕಿ ಸೈಟಿನ ಬೆಲೆ ಹಾಕಿ ಕಟ್ಟಡಕ್ಕೆ ಅಷ್ಟೋ ಇಷ್ಟೋ ಸೇರಿಸ್ತಾನೆ, ನೀವು ತೇಗದ ಬಾಗಿಲಿಗೆ ಎಷ್ಟು ಕೊಟ್ಟಿದ್ರಿ ಅಂತ ಅವ್ನಿಗೆ ಬೇಕಾಗಿಲ್ಲ. ಇನ್ನು ನಾಲ್ಕು ಬ್ರೋಕರ್‌ಗೆ ಹೇಳಿ ನಾಲ್ಕು ಜನ ವಾಟ್ಸಾಪಲ್ಲಿ ಒಂದೇ ಫೋಟೋಗೆ ನಾಲ್ಕು ರೇಟು ಹಾಕಿದ್ರೆ ಯಾರು ನಂಬ್ತಾರೆ, ಒಬ್ರಿಗೇ ಕೊಡಿ, ಒಂದೇ ರೇಟು ಹೇಳಿ.

ವಾಸ್ತು ಅಂತ ಗೋಡೆ ಒಡೆದು ಬಾಗಿಲು ತಿರುಗಿಸೋ ಖರ್ಚು ಮಾತ್ರ ಬೇಡ, ಹೊಸದಾಗಿ ಬರೋರ ಜ್ಯೋತಿಷಿ ಬೇರೆನೇ ಹೇಳ್ತಾನೆ. ಆ ದುಡ್ಡಲ್ಲಿ ಸೋರೋದನ್ನ ನಿಲ್ಲಿಸಿ. ಬೀಗ ಹಾಕಿಟ್ಟ ಮನೆ ನಮ್ಮೂರ ಒಂದು ಮಳೆಗಾಲ ಕಳೀತು ಅಂದ್ರೆ ಗೋಡೆ ತುಂಬಾ ಬೂಷ್ಟು, ಬೀರು ಹಿಂದೆ ಗೆದ್ದಲು, ಬಾಗಿಲು ತೆಗೆದ ತಕ್ಷಣ ಮುಗ್ಗಲು ವಾಸನೆ. ವಾರಕ್ಕೊಂದ್ಸಲ ಯಾರಿಗಾದ್ರೂ ಹೇಳಿ ಕಿಟಕಿ ತೆಗೆಸಿ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ ನಿಜ, ಆದ್ರೆ ಮನೆ ತೋರಿಸಕ್ಕೆ ಅದೇ ಒಳ್ಳೆ ಟೈಮು ಅಂತ ನನ್ನ ಅನಿಸಿಕೆ, ಸುರಿಯೋ ಮಳೇಲಿ ಒಣಗಿದ ಸೀಲಿಂಗ್ ನೋಡಿದೋರು ಶ್ರಾವಣದಲ್ಲಿ ತಾವೇ ಫೋನ್ ಮಾಡ್ತಾರೆ.

ಕೊನೇಗೆ ಸಂಪಾದಕರಲ್ಲೇ ಒಂದು ವಿನಂತಿ. ನಿಮ್ಮ ವರ್ಗೀಕೃತ ಜಾಹೀರಾತು ಪುಟದಲ್ಲಿ ಮನೆ ಮಾರಾಟಕ್ಕೆ ಅಂತ ಹಾಕೋರಿಗೆ ಪ್ರಶಾಂತ ವಾತಾವರಣ, ನೀರಿನ ಸೌಕರ್ಯ ಅನ್ನೋದರ ಜೊತೆ ಎ ಖಾತಾನೋ ಬಿ ಖಾತಾನೋ, ಇ-ಖಾತಾ ಆಗಿದ್ಯೋ ಇಲ್ವೋ ಅನ್ನೋದನ್ನೂ ಒಂದು ಸಾಲಲ್ಲಿ ಬರೆಯಕ್ಕೆ ಹೇಳಿ. ಆ ಒಂದು ಸಾಲಿಗೆ ದುಡ್ಡು ತಗೊಳದೇ ಇದ್ರೆ ಇನ್ನೂ ಒಳ್ಳೇದು.

ಇಂತಿ,
ಒಬ್ಬ ಪತ್ರ ಬರಹಗಾರ,
ಚಿಕ್ಕಮಗಳೂರು