ಊರಿನ ತಮ್ಮನಿಗೊಂದು ಫೋನು

ಊರಲ್ಲಿ ಅಮ್ಮನಿಗೆ ಬಿ.ಪಿ. ಏರಿದರೆ ಡಾಕ್ಟರಿಗಿಂತ ಮೊದಲು ನಾವು ಫೋನ್ ಹಚ್ಚುವುದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆಂಟರ ಹುಡುಗನಿಗೆ. ಹೊರದೇಶದಲ್ಲಿರುವ ನಮ್ಮ ಸಂಘದ ತುಮಕೂರು ಕಡೆಯವರ ಮನೆಗಳಲ್ಲಿ ಅಂಥವನೊಬ್ಬ ಇದ್ದೇ ಇರುತ್ತಾನೆ. ಸ್ಟಾಫ್ ನರ್ಸೋ, ಲ್ಯಾಬಿನವನೋ, 108 ಆಂಬುಲೆನ್ಸಿನವನೋ. ‘ಒಂದು ಬೆಡ್ ನೋಡಪ್ಪಾ’, ‘ಸ್ಕ್ಯಾನಿಂಗ್ ಬೇಗ ಮಾಡಿಸೋ’. ನಮಗೆ ಹಗಲಾದಾಗ ಅವನಿಗೆ ನಡುರಾತ್ರಿ, ಆದರೂ ಎತ್ತುತ್ತಾನೆ. ಅವನು ಹೇಗಿದ್ದಾನೆಂದು ಕೇಳುವಷ್ಟರಲ್ಲಿ ನಾವು ಫೋನ್ ಇಟ್ಟಿರುತ್ತೇವೆ.

ನನ್ನ ಚಿಕ್ಕಪ್ಪನ ಮಗ 108ರಲ್ಲಿದ್ದಾನೆ. ಶಿರಾ ಕಡೆಯ ಹೆದ್ದಾರಿಯಲ್ಲಿ ಅಪಘಾತವಾದರೆ ಗಾಡಿಯಲ್ಲಿ ಹೋಗುವುದು ಇಬ್ಬರೇ, ಅವನು ಮತ್ತು ‘ಪೈಲಟ್’, ಅಂದರೆ ಡ್ರೈವರ್. ದಾರಿಯಲ್ಲೇ ಯಾರದೋ ಪ್ರಾಣ ಹೋದರೂ ಸ್ಟ್ರೆಚರ್ ತೊಳೆದು, ಕಾಗದ ತುಂಬಿ ಮುಂದಿನ ಕರೆಗೆ ಹೊರಡಬೇಕು. ಮನೆಗೆ ಬಂದು ಹೇಳುವುದು ಇಷ್ಟೇ: ‘ಗ್ಯಾಸ್ಟ್ರಿಕ್ಕು, ಊಟ ಬೇಡ’. ಮುದ್ದೆ ತಟ್ಟೆಯಲ್ಲೇ ಆರುತ್ತದೆ. ಚಿಕ್ಕಮ್ಮ ಜೀರಿಗೆ ಕಷಾಯ ಕಾಸುತ್ತಾರೆ.

ನಮ್ಮ ಗಂಡಸರ ಸಂಕಟ ಹೊಟ್ಟೆನೋವಾಗಿಯೋ ಸಿಡುಕಾಗಿಯೋ ಹೊರಬರುತ್ತದೆ, ಕೆಲವೊಮ್ಮೆ ಬಾಟಲಿಗೆ ಇಳಿಯುತ್ತದೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ಸುಮಾರು 1.7 ಲಕ್ಷ ಜನರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗಂಡಸರು.

ಹಾಗಂತ ಸಹಾಯವೇ ಇಲ್ಲವೆಂದಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಆದರೆ ದಿನಾ ಅದೇ ಕಾರಿಡಾರಿನಲ್ಲಿ ಓಡಾಡುವವನು ಅಲ್ಲೇ ಚೀಟಿ ಮಾಡಿಸಿ ಕೂರುತ್ತಾನೆಯೇ? ಸಂಜೆಯೊಳಗೆ ಕ್ಯಾಂಟೀನಿಗೆಲ್ಲ ಸುದ್ದಿ! ಅವನಿಗೆ ಒಗ್ಗುವುದು ಫೋನಿನಲ್ಲೇ ಮನಸ್ಸಿನ ಕಷ್ಟಕ್ಕೆ ನೆರವಾಗುವ ಟೆಲಿ-ಮಾನಸ್. ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ನಂಬರು 14416, ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿ ಮುಗಿಸಿ ಬರುವಾಗ ಬೈಕ್ ಪಕ್ಕಕ್ಕೆ ನಿಲ್ಲಿಸಿಕೊಂಡೂ ಮಾಡಬಹುದು.

(ಕೊರೊನಾ ಕಾಲದಲ್ಲಿ ಆಸ್ಪತ್ರೆಯಲ್ಲಿ ದುಡಿಯುವವರ ಮೇಲೆ ಹೂ ಚೆಲ್ಲಿದ್ದರು. ಹೂವಿನ ಬದಲು ನಾಲ್ಕು ದಿನ ರಜೆ ಕೊಟ್ಟಿದ್ದರೆ ಹೆಚ್ಚು ಖುಷಿಪಡುತ್ತಿದ್ದರೇನೋ.)

ಸಂಘದವರಲ್ಲಿ ನನ್ನ ಕೋರಿಕೆ ಇದು. ಈ ತಿಂಗಳು ಊರಿನ ಆ ಹುಡುಗನಿಗೆ ಯಾವ ಕೆಲಸವೂ ಇಲ್ಲದೆ ಒಮ್ಮೆ ಫೋನ್ ಮಾಡಿ. ‘ಮನಸ್ಸು ಹೇಗಿದೆ’ ಅಂದರೆ ನಕ್ಕುಬಿಡುತ್ತಾನೆ. ನಿದ್ದೆಯ ವಿಚಾರ ಕೇಳಿ, ವಾರದ ರಜೆ ಸಿಗುತ್ತಿದೆಯಾ ಅಂತ ಕೇಳಿ. ಎರಡು ವಾರದಿಂದ ಸರಿಯಾಗಿ ನಿದ್ದೆಯಿಲ್ಲ ಅಂದರೆ ಆ ನಂಬರು ಕಳಿಸಿ. ‘ಬದುಕಿ ಏನಾಗಬೇಕಣ್ಣ’ ಎಂದನೋ, ತಮಾಷೆಯೆಂದು ತಳ್ಳಿಹಾಕಬೇಡಿ. ಲೈನಿನಲ್ಲಿರುವಾಗಲೇ ಮತ್ತೊಂದು ಫೋನಿನಿಂದ ಅವನ ಮನೆಯವರಿಗೆ ತಿಳಿಸಿ, ಅವರು ಬಂದು ಪಕ್ಕದಲ್ಲಿ ಕೂರುವವರೆಗೂ ಮಾತಾಡುತ್ತಿರಿ.