ಕಂಬಿಯ ಲ್ಯಾಪು, ನಿನ್ನ ಪಟ್ಟಿಯ ಲೆಕ್ಕ

ಗಂಗಾವತಿ

ನನ್ನವ್ವಾ,

ನೀ ಹಾಸ್ಟೆಲಿನಿಂದ ಕಳಿಸಿದ ಲೆಕ್ಕ ನೋಡಿದೆ. 45 ಮತ್ತು 38 ಸೆಂ.ಮೀ. ಉದ್ದದ ಎರಡು ಪಟ್ಟಿ. ತುದಿ ಒಂದರ ಮೇಲೊಂದು ಬರುವಂಗ ಅಂಟಿಸಿದರೆ ಒಟ್ಟು 71 ಸೆಂ.ಮೀ. ಮೇಲೆ ಕೂತ ಭಾಗ ಎಷ್ಟು? 83ರಲ್ಲಿ 71 ಕಳೆದು 12 ತೆಗೆದಿದ್ದೀ, ಅಲ್ಲಿತನಕ ಭೇಷ್. ಆಮೇಲೆ ಎರಡು ಪಟ್ಟಿ ಅದಾವಲ್ಲ ಅಂತ ಅರ್ಧ ಮಾಡಿ 6 ಬರೆದಿದ್ದೀ. ಅಲ್ಲೇ ದಾರಿ ತಪ್ಪಿದ್ದು.

ಮೇಲೆ ಕೂತ ಜಾಗಕ್ಕೆ ಬೆರಳಿಟ್ಟು ನೋಡವ್ವ. ಆ ಜಾಗ 45ರಲ್ಲೂ ಐತಿ, 38ರಲ್ಲೂ ಐತಿ. ಕೂಡಿದಾಗ ಎರಡು ಸಲ ಎಣಿಸಿದಂಗಾಯ್ತು, ಕಣ್ಣಿಗೆ ಕಾಣೋದು ಮಾತ್ರ ಒಂದೇ ಸಲ. ಹೆಚ್ಚಾದ ಆ ಒಂದು ಸಲವೇ 12. ಅದನ್ನು ಯಾರಿಗೂ ಹಂಚೋದು ಬೇಡ. ತಾಳೆ ನೋಡು: ಮೊದಲನೇ ಪಟ್ಟಿ ಒಂದೇ ಇರೋದು 33, ನಡುವೆ 12, ಎರಡನೇದು ಒಂದೇ ಇರೋದು 26. ಕೂಡಿದರೆ 71. ನಿನ್ನ 6 ಇಟ್ಟು ಹಿಂಗೇ ಮಾಡಿದರೆ 77 ಬರ್ತದ.

ನಾನು ದಿನಾ ಮಾಡೋ ಕೆಲಸದಾಗೂ ಇದೇ ಲೆಕ್ಕ. ಕಾಂಕ್ರೀಟಿನೊಳಗ ಹಾಕೋ ಕಬ್ಬಿಣದ ಕಂಬಿ ಅಂಗಡಿಯಿಂದ 12 ಮೀಟರ್ ಉದ್ದ ಬರ್ತಾವ. ಅದಕ್ಕಿಂತ ಉದ್ದ ಬೇಕಾದರೆ ತುದಿಗೆ ತುದಿ ತಾಗಿಸಿ ಬಿಡೋದಿಲ್ಲ. ಪಕ್ಕಪಕ್ಕ ಇಟ್ಟು ಬೈಂಡಿಂಗ್ ವೈರಿನಿಂದ ಬಿಗೀತೀವಿ. ಅದಕ್ಕೆ ಲ್ಯಾಪ್ ಅಂತೀವಿ. 12 ಎಂ.ಎಂ. ಕಂಬಿಗೆ ಅದರ ದಪ್ಪದ 50 ಪಟ್ಟು, ಅಂದರೆ 600 ಎಂ.ಎಂ. ಬಿಡ್ತೀವಿ. ವೈರು ಕಂಬಿಯನ್ನು ಜಾಗದಾಗ ಹಿಡಿಯೋದಕ್ಕಷ್ಟೇ. ಒಂದು ಕಂಬಿಯ ಎಳೆತ ಇನ್ನೊಂದಕ್ಕೆ ದಾಟೋದು ಸುತ್ತ ಗಟ್ಟಿಯಾದ ಕಾಂಕ್ರೀಟಿನ ಮೂಲಕ. ಅದಕ್ಕೇ ಅಷ್ಟು ಉದ್ದ ಬೇಕು. ಉಳಿಸಾಕ ಹೋಗಿ ಲ್ಯಾಪ್ ಕಡಿಮೆ ಮಾಡೋರನ್ನ ಕಂಡರೆ ನನಗೆ ಸಿಟ್ಟು ಬರ್ತದ.

ಈಗ ಮೂರು ಕಂಬಿ ಉದ್ದಕ್ಕೆ ಜೋಡಿಸಿದರೆ ಲ್ಯಾಪ್ ಎಷ್ಟು? ಮೂರಲ್ಲ, ಎರಡೇ. 36 ಮೀಟರಿನಾಗ 1.2 ಹೋಗಿ 34.8 ಉಳೀತು. ಆದರೆ ಸಿಂಧನೂರು ಕಡೆ ದುಂಡನೆ ನೀರಿನ ಟ್ಯಾಂಕಿಗೆ ಅದೇ ಮೂರು ಕಂಬಿ ಬಳೆಯಂಗ ಸುತ್ತಿದರೆ, ಕೊನೇ ತುದಿ ಮೊದಲನೇ ತುದಿಗೆ ಬಂದು ಸೇರ್ತದ. ಲ್ಯಾಪ್ ಮೂರಾದವು, ಸುತ್ತಳತೆ 34.2 ಮೀಟರ್. ಇದಕ್ಕೆ ಸೂತ್ರ ಬಾಯಿಪಾಠ ಮಾಡಬ್ಯಾಡ. ಗೆರೆ ಎಳಿ, ಜೋಡಿಸಿದ ಜಾಗ ಒಂದೊಂದಾಗಿ ಗುರುತು ಹಾಕು, ಆಮೇಲೆ ಕಳಿ. ಮೂರು ಪಟ್ಟಿ ಒಂದೇ ಜಾಗದಾಗ ಒಂದರ ಮೇಲೊಂದು ಕೂತಿದ್ದರೆ ಆ ಜಾಗ ಮೂರು ಸಲ ಎಣಿಸಿರ್ತದ, ಆವಾಗ ಎರಡು ಸಲ ಕಳೀಬೇಕು. ಪರೀಕ್ಷೆದಾಗ ಇದನ್ನೇ ತಿರುಗಿಸಿ ಕೇಳ್ತಾರ.

ಇನ್ನೊಂದು ಲೆಕ್ಕ ಕೊಡ್ತೀನಿ. 12 ಮೀಟರಿನ ನಾಲ್ಕು ಕಂಬಿ ಸುತ್ತಿದ ಬಳೆಯ ಸುತ್ತಳತೆ 45.6 ಮೀಟರ್. ಒಂದೊಂದು ಲ್ಯಾಪ್ ಎಷ್ಟು? ಅದೇ ಲ್ಯಾಪ್ ಬಿಟ್ಟು ನೆಟ್ಟಗೆ ಜೋಡಿಸಿದ್ದರೆ ಉದ್ದ ಎಷ್ಟು? ಚಿತ್ರ ಸಮೇತ ಮಾಡಿ ಕಳಿಸು. ಬರೀ ಉತ್ತರ ಬ್ಯಾಡ. ಸಂಜೆ ಕೆಲಸ ಬಿಟ್ಟಮ್ಯಾಲೆ ನೋಡ್ತೀನಿ. ನಿಮ್ಮವ್ವ ಶೇಂಗಾ ಹಿಂಡಿ ಕುಟ್ಟಿಟ್ಟಾಳ, ರಾಯಚೂರಿಗೆ ಬರೋರ ಕೈಯಾಗ ಕೊಟ್ಟು ಕಳಿಸ್ತೀವಿ.

ನಿನ್ನ ಅಪ್ಪ