ಏಳನೇ ತರಗತಿಯ ಅಳಿವೆ ಪ್ರವಾಸ: ನೀರು ಕಾಯುವುದಿಲ್ಲ

ಪ್ರೀತಿಯ ಪೋಷಕರೇ,

ಏಳನೇ ತರಗತಿಯ ಮಕ್ಕಳನ್ನು ನದಿ ಕಡಲು ಸೇರುವ ಅಳಿವೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ 7 ಗಂಟೆಗೆ ಬಸ್ ಹೊರಡುತ್ತದೆ.

ಅಮಾವಾಸ್ಯೆ ಹತ್ತಿರವೇ ಯಾಕೆ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಆಗ ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ನಿಂತು ನೀರನ್ನು ಸೆಳೆಯುತ್ತವೆ. ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಬೇರೆ ದಿನ ಮುಳುಗೇ ಇರುವ ಹಳೇ ಧಕ್ಕೆಯ (ಹಡಗು ನಿಲ್ಲುವ ಕಟ್ಟೆಯ) ಕೆಳಗಿನ ಮೆಟ್ಟಿಲುಗಳು ಅವತ್ತು ಕಾಣುತ್ತವೆ.

ಹೋದ ವರ್ಷ ತಡವಾಗಿ ಬಂದವರಿಗಾಗಿ ಒಂದೂವರೆ ಗಂಟೆ ಕಾದೆವು. ಕಾಯೋಣ ಎಂದವಳು ನಾನೇ. ನಾವು ತಲುಪುವಷ್ಟರಲ್ಲಿ ಮೆಟ್ಟಿಲು ನೀರೊಳಗೆ. ಮಕ್ಕಳು ಸುಮ್ನೆ ದಡದಲ್ಲಿ ನಿಂತು ವಾಪಸ್ ಬಂದರು. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕು, ಅಷ್ಟು ಹೊತ್ತು ಯಾರು ಕೂರುತ್ತಾರೆ? ಈ ಸಲ 7 ಅಂದರೆ 7.

ಆ ಧಕ್ಕೆ ಕಡಲಿಂದ ಅಷ್ಟು ಒಳಗೆ ಯಾಕಿದೆ ಎಂದು ಮಕ್ಕಳೇ ಕಂಡುಹಿಡಿಯಬೇಕು. ನೀವು ಮೊದಲೇ ಹೇಳಿಬಿಡಬೇಡಿ! ಎಂಜಿನ್ ಇಲ್ಲದ ಕಾಲದಲ್ಲಿ ಹಡಗುಗಳು ಉಬ್ಬರದ ಜೊತೆ ಒಳಗೆ ಬಂದು, ಇಳಿತದ ಜೊತೆ ಹೊರಗೆ ಹೋಗುತ್ತಿದ್ದವು. ಲಂಡನ್, ಕೋಲ್ಕತ್ತ ಕಡಲಿಂದ ದೂರವಿದ್ದೂ ದೊಡ್ಡ ಬಂದರುಗಳಾದದ್ದರಲ್ಲಿ ಇದರ ಪಾಲೂ ಇದೆ.

ಆಮೇಲೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳು. ಕೆಸರಿನಲ್ಲಿ ಗಾಳಿ ಸಿಗದೆ ಕೆಲವು ಜಾತಿಯ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲಕ್ಕೆ ಬಂದು ಉಸಿರಾಡುತ್ತವೆ. ಇನ್ನು ಕೆಲವದರ ಬೀಜ ತಾಯಿ ಮರದಲ್ಲೇ ಮೊಳೆತು, ಸಸಿಯಾಗಿಯೇ ಕೆಳಗೆ ಬೀಳುತ್ತದೆ. ಒಂದೇ ಕೊಂಬು (ಇಕ್ಕಳದಂಥ ಮುಂಗಾಲು) ದೊಡ್ಡದಾಗಿರುವ ಏಡಿಗಳೂ ಸಿಗಬಹುದು, ಗಂಡುಗಳಿಗೆ ಮಾತ್ರ ಹಾಗಿರುತ್ತದೆ. ನನಗಂತೂ ಧಕ್ಕೆಗಿಂತ ಈ ಕೆಸರೇ ಇಷ್ಟ.

ಹಳೇ ಹೆಂಚಿನ ಚೂರು, ಮಡಕೆ ಚೂರು ಸಿಕ್ಕರೆ ಫೋಟೋ ತೆಗೆದು ಅಲ್ಲೇ ಬಿಡಬೇಕು. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಇಂಥದ್ದನ್ನು ಹುಡುಕುವುದಕ್ಕೇ ಪರವಾನಗಿ ಬೇಕು.

ಉಬ್ಬರ ಶುರುವಾದ ಮೇಲೆ ಮೊದಲ ಗಂಟೆ ನೀರು ನಿಧಾನ. ಮೂರು, ನಾಲ್ಕನೇ ಗಂಟೆಯಲ್ಲಿ ಭರದಿಂದ ಏರುತ್ತದೆ. ಅದಕ್ಕೆ ಮೊದಲೇ ಎಲ್ಲರೂ ಮೇಲೆ ಬಂದಿರುತ್ತಾರೆ. ಐದೈದು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು, ಇನ್ನೂ ಮೂವರು ಪೋಷಕರು ಬಂದರೆ ಸಾಕು.

ಹಳೇ ಬಟ್ಟೆ, ಗಟ್ಟಿಯಾಗಿ ಕಟ್ಟುವ ಶೂ, ಇನ್ನೊಂದು ಜೊತೆ ಬಟ್ಟೆ ಕಳುಹಿಸಿ. ಚಪ್ಪಲಿ ಬೇಡ, ಕೆಸರು ಅದನ್ನು ವಾಪಸ್ ಕೊಡುವುದಿಲ್ಲ. ಒಪ್ಪಿಗೆ ಚೀಟಿ ಶುಕ್ರವಾರದೊಳಗೆ ತಲುಪಲಿ.

ಇಂತಿ,
ಮುಖ್ಯ ಶಿಕ್ಷಕಿ